‘ನಿನ್ನ ಮುಖ ನೋಡಿ ಹಾಕ್ತೀನಪ್ಪಾ’

ಚುನಾವಣೆ ಮುಗಿದು ವರ್ಷ, ಒಂದೂವರೆ ವರ್ಷ ಆದಮೇಲೆ ಒಂದು ಬಗೆಯ ಜನ ನನ್ನ ಹತ್ತಿರ ಬರಲು ಶುರು ಮಾಡುತ್ತಾರೆ. ಕೋಲಾರ, ಚಿಕ್ಕಬಳ್ಳಾಪುರ ಎರಡೂ ಜಿಲ್ಲೆಯ ಹಳ್ಳಿಯವರು ಬಂದುಹೋಗುವ ಒಂದು ತಾಲೂಕು ಊರಿನಲ್ಲಿ ನಾನು ಆಪ್ತಸಲಹೆಗಾರ್ತಿ. ಬರುವವರಲ್ಲಿ ಹೆಚ್ಚಿನವರು ನಡುವಯಸ್ಸು ದಾಟಿದವರು. ಯಾವ ಪಕ್ಷದಲ್ಲೂ ಹುದ್ದೆ ಇಲ್ಲದವರು. ಒಳ್ಳೆಯವನೊಬ್ಬ ಗೆಲ್ಲಲಿ ಅಂತ ತಮ್ಮ ಗಾಡಿಗೆ ತಾವೇ ಪೆಟ್ರೋಲ್ ಹಾಕಿಸಿಕೊಂಡು ಓಡಾಡಿದವರು. ನಿದ್ದೆ ಇಲ್ಲ, ಹೊಟ್ಟೆ ಉರಿ, ಬಿಪಿ ಏರಿದೆ, ಮನೆಯಲ್ಲಿ ಸಿಡಿಮಿಡಿ ಅಂತ ಬರುತ್ತಾರೆ. ರಾಜಕೀಯದ ಮಾತು ಹೊರಗೆ ಬರಲು ತುಂಬಾ ಹೊತ್ತು ಬೇಕು. ಬಂದಾಗಲೂ ನಾಚಿಕೊಂಡೇ ಹೇಳುತ್ತಾರೆ, ಅದಕ್ಕೆಲ್ಲಾ ಯಾರಾದ್ರೂ ನಿದ್ದೆ ಕೆಡಿಸಿಕೊಳ್ತಾರಾ ಅಂತ ನಾನು ಅಂದುಬಿಟ್ಟರೆ ಅನ್ನುವ ಭಯ.

ಕೆಡಿಸಿಕೊಳ್ಳುತ್ತಾರೆ. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಅಂಥ ಒಬ್ಬರ ವಿಷಯ ಬರೆಯುತ್ತಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ. ಹೆಸರು, ಊರು, ಕ್ಷೇತ್ರ, ಪಕ್ಷ ಯಾವುದನ್ನೂ ಹೇಳುವುದಿಲ್ಲ. ಗುರುತು ಸಿಗುವ ವಿವರಗಳನ್ನು ಬದಲಾಯಿಸಿದ್ದೇನೆ. ಪಕ್ಷ ಯಾವುದಿರಬಹುದು ಅಂತ ಊಹಿಸಲು ಹೋಗಬೇಡಿ, ಬೇರೆ ಬೇರೆ ಪಕ್ಷಕ್ಕೆ ಓಡಾಡಿದವರು ನನ್ನೆದುರು ಅದೇ ಕುರ್ಚಿಯಲ್ಲಿ ಕೂತು ಇಂಥದೇ ಮಾತು ಆಡಿದ್ದಾರೆ.

ಇವರು ಐವತ್ತೈದು ದಾಟಿದ ರೈತ. ಸ್ವಲ್ಪ ಹಿಪ್ಪುನೇರಳೆ, ಸ್ವಲ್ಪ ಟೊಮ್ಯಾಟೊ, ಎರಡು ಸೀಮೆಹಸು. ಮಗ ಬೆಂಗಳೂರಲ್ಲಿ ಕೆಲಸ. ಹುಡುಗನಾಗಿದ್ದಾಗ ರೈತ ಸಂಘದ ಹಸಿರು ಶಾಲು ಹಾಕಿಕೊಂಡು ತಿರುಗಿದವರು. ಊರಿನ ದೊಡ್ಡ ಜಾತಿಯವರೇ, ಆದರೆ ದಲಿತರ ಕಾಲೋನಿಯ ಮನೆಗಳಲ್ಲಿ ಕೂತು ಊಟ ಮಾಡುವವರು ಆ ಜಾತಿಯಲ್ಲಿ ಇವರೊಬ್ಬರೇ. ‘ಬಂದ್ರಪ್ಪಾ ಪ್ರಗತಿಪರರು’ ಅಂತ ಅರಳಿಕಟ್ಟೆಯಲ್ಲಿ ನಗುತ್ತಿದ್ದರಂತೆ. 2022ರಲ್ಲಿ ಮಾಲೂರು ತಾಲೂಕಿನ ಉಳ್ಳೇರಹಳ್ಳಿಯಲ್ಲಿ ದೇವರ ಕೋಲು ಮುಟ್ಟಿದ ಅಂತ ಒಬ್ಬ ದಲಿತ ಹುಡುಗನ ಮನೆಯವರಿಗೆ 60 ಸಾವಿರ ರೂಪಾಯಿ ದಂಡ ಹಾಕಿದ್ದು ನಿಮಗೆ ನೆನಪಿರಬಹುದು. ಆ ಸುದ್ದಿ ಓದಿದಾಗಿನಿಂದ ಅವರಿಗೊಂದು ಹಟ ಹಿಡಿದಿತ್ತು. ನಮ್ಮ ಕಡೆ ಇದೆಲ್ಲ ಬದಲಾಗಬೇಕಾದರೆ ಅದನ್ನು ಬಾಯಿಬಿಟ್ಟು ಹೇಳುವ ಒಬ್ಬ ಶಾಸಕ ಬೇಕು ಅಂತ.

ಅಂಥ ಒಬ್ಬರು ಸಿಕ್ಕರು. ಹೊಸಬರು, ಓದಿಕೊಂಡವರು. ಭಾಷಣದಲ್ಲಿ ಸಂವಿಧಾನದ ಪೀಠಿಕೆಯನ್ನು ಬಾಯಿಪಾಠ ಹೇಳುತ್ತಿದ್ದರು. ‘ನಾನು ಮೂವತ್ತು ವರ್ಷ ಡೈರಿ ಮುಂದೆ ಹೇಳ್ತಿದ್ದದ್ದನ್ನ ಅವರು ಮೈಕಲ್ಲಿ ಹೇಳಿದ್ರು ಮೇಡಂ’ ಅಂದರು ಇವರು. ಈ ಮಾತು ನನ್ನ ಮನಸ್ಸಿನಲ್ಲಿ ಉಳಿದಿದೆ. ಸಿಟಿಯಲ್ಲಿ ಇಂಥ ಯೋಚನೆ ಇರುವವರಿಗೆ ನಾಲ್ಕು ಜನ ಜೊತೆಗಾರರು ಎಲ್ಲೋ ಸಿಗುತ್ತಾರೆ. ಹಳ್ಳಿಯಲ್ಲಿ ಹಾಗಲ್ಲ. ನೆಂಟರು, ಪಕ್ಕದ ಹೊಲದವರು, ಹಾಲು ಹಾಕುವಾಗ ಸಾಲಲ್ಲಿ ನಿಂತವರು ಎಲ್ಲರೂ ಒಂದು ಕಡೆ, ತಾನೊಬ್ಬ ಒಂದು ಕಡೆ. ಹೀಗೆ ವರ್ಷಗಟ್ಟಲೆ ಬದುಕಿದವನಿಗೆ ವೇದಿಕೆ ಮೇಲಿಂದ ತನ್ನದೇ ಮಾತು ಕೇಳಿಸಿದರೆ ಅವನು ಆ ನಾಯಕನಿಗೆ ಓಟು ಮಾತ್ರ ಕೊಟ್ಟು ಸುಮ್ಮನಿರುವುದಿಲ್ಲ, ತನ್ನನ್ನೇ ಕೊಟ್ಟುಬಿಡುತ್ತಾನೆ. ಇದನ್ನು ದಡ್ಡತನ ಅಂತ ಕರೆಯುವವರಿಗೆ ಆ ಒಂಟಿತನ ಗೊತ್ತಿಲ್ಲ.

ಪ್ರಚಾರದ ಸಮಯದಲ್ಲಿ ಇವರೇ ಅಭ್ಯರ್ಥಿಯನ್ನು ಕಾಲೋನಿಗೆ ಕರೆದುಕೊಂಡು ಹೋದರು. ಅವರು ಚಾಪೆ ಮೇಲೆ ಕೂತು ಮುದ್ದೆ ಉಂಡರು. ಫೋಟೋ ತೆಗೆಯಬೇಡಿ ಅಂದರಂತೆ, ಇವರು ಪೂರ್ತಿ ಮನಸೋತಿದ್ದು ಅಲ್ಲಿಯೇ. ಕಾಲೋನಿಯವರು ಕೇಳಿದ್ದು ಒಂದೇ ಒಂದು, ಸ್ಮಶಾನದ ಜಾಗ. ಪಹಣಿಯಲ್ಲಿ 20 ಗುಂಟೆ ಸ್ಮಶಾನ ಅಂತಲೇ ಇದೆ. ಆದರೆ ಅಲ್ಲಿ ಊರಿನ ಒಬ್ಬ ದೊಡ್ಡ ಮನುಷ್ಯ ಮಲ್ಚಿಂಗ್ ಶೀಟ್ ಹಾಸಿ, ಕಡ್ಡಿ ನೆಟ್ಟು ಟೊಮ್ಯಾಟೊ ಬೆಳೆಯುತ್ತಿದ್ದ. ಕೆರೆ ಒಣಗಿದ್ದ ಕಾಲದಲ್ಲಿ ಇದು ದೊಡ್ಡ ತಕರಾರಾಗಿರಲಿಲ್ಲ, ಕೆರೆಯಂಗಳದ ಅಂಚಿನಲ್ಲಿ ಮಣ್ಣು ಮಾಡುತ್ತಿದ್ದರು. ಬೆಂಗಳೂರಿನ ಕೊಳಚೆ ನೀರನ್ನು ಶುದ್ಧಮಾಡಿ ನಮ್ಮ ಕೆರೆಗಳಿಗೆ ತುಂಬಿಸುವ ಕೆ.ಸಿ. ವ್ಯಾಲಿ ಯೋಜನೆ ಇದೆಯಲ್ಲ, 2018ರಲ್ಲಿ ಲಕ್ಷ್ಮೀಸಾಗರ ಕೆರೆಗೆ ಮೊದಲು ನೀರು ಬಂತು, ಆಮೇಲೆ ಒಂದೊಂದೇ ಕೆರೆ ತುಂಬಿತು. ಇವರ ಊರ ಕೆರೆಯೂ ತುಂಬಿತು. ಎಲ್ಲರೂ ಖುಷಿಪಟ್ಟರು, ಬೋರ್‌ವೆಲ್‌ಗಳಲ್ಲಿ ನೀರು ಮೇಲೆ ಬಂತು. ಕಾಲೋನಿಯವರ ಹಿರಿಯರನ್ನು ಹೂಳಿದ್ದ ಅಂಚು ಮಾತ್ರ ನೀರಲ್ಲಿ ಮುಳುಗಿತು.

‘ಗೆದ್ದ ತಿಂಗಳಲ್ಲಿ ಅಳತೆ ಮಾಡಿಸಿ ಬೇಲಿ ಹಾಕಿಸ್ತೀನಿ’ ಅಂದರು ಅಭ್ಯರ್ಥಿ. ಗೆದ್ದರು. ಟೊಮ್ಯಾಟೊ ಬೆಳೆಯುತ್ತಿದ್ದ ಆಸಾಮಿ ಅದೇ ವಾರ ಹಾರ ಹಿಡಿದುಕೊಂಡು ಹೋಗಿ ಅವರ ಪಕ್ಕ ನಿಂತ. ಮುಂದಿನದನ್ನು ಬಿಡಿಸಿ ಹೇಳುವುದು ಬೇಡ, ನಮ್ಮ ಕಡೆಯವರಿಗೆಲ್ಲ ಗೊತ್ತಿರುವುದೇ. ‘ಸಾಹೇಬ್ರು ಮೀಟಿಂಗಲ್ಲಿದ್ದಾರೆ.’ ಕೊನೆಗೊಮ್ಮೆ ಭೇಟಿ ಸಿಕ್ಕಾಗ, ‘ಅಣ್ಣಾ, ಪಂಚಾಯ್ತಿ ಎಲೆಕ್ಷನ್ ಮುಗೀಲಿ, ಈಗ ಅದನ್ನ ಕೆದಕೋದು ಬೇಡ.’

ನನ್ನ ಹತ್ತಿರ ಬರುವಷ್ಟರಲ್ಲಿ ಅವರು ಡೈರಿಗೆ ಹೋಗುವುದು ಬಿಟ್ಟಿದ್ದರು, ಹಾಲು ಹಾಕಲು ಹೆಂಡತಿ ಹೋಗುತ್ತಿದ್ದರು. ರಾತ್ರಿಯೆಲ್ಲ ಮೊಬೈಲಿನಲ್ಲಿ ಆ ಶಾಸಕರ ವಿಡಿಯೋ ನೋಡುವುದು, ಒಬ್ಬರೇ ಬೈಯುವುದು. ಊಟ ಅರ್ಧ. ‘ಓಟು ಹಾಕಿ ಮನೆಗೆ ಬರೋದು ಬಿಟ್ಟು ಮನೇನೇ ಓಟಿಗೆ ಹಾಕಿದ್ರು’ ಅಂದರು ಆ ಹೆಣ್ಣುಮಗಳು, ಕಣ್ಣಲ್ಲಿ ನೀರು ತುಂಬಿಕೊಂಡು. ಮಗನಿಗೆ ಒಂದೇ ಬೇಡಿಕೆ, ‘ಅಪ್ಪನಿಗೆ ರಾಜಕೀಯ ಬಿಡಿಸಿ ಮೇಡಂ.’

ಇಂಥ ಕೇಸಿನಲ್ಲಿ ಮೊದಲು ಮಾಡಬೇಕಾದ್ದನ್ನು ಮಾಡಿದೆ. ಎರಡು ವಾರಕ್ಕಿಂತ ಜಾಸ್ತಿ ನಿದ್ದೆ, ಊಟ, ಕೆಲಸದ ಆಸಕ್ತಿ ಹೋಗಿದ್ದರೆ ಅದನ್ನು ಸುಮ್ನೆ ಬೇಜಾರು ಅಂತ ಬಿಡಬಾರದು. ಮನೋವೈದ್ಯರಿಗೆ ತೋರಿಸಿದೆವು, ಸ್ವಲ್ಪ ದಿನಕ್ಕೆ ಔಷಧಿ ಕೊಟ್ಟರು. ಸಾಯುವ ಯೋಚನೆ ಬರುತ್ತಾ ಅಂತಲೂ ನೇರವಾಗಿ ಕೇಳಿದೆ. ಕೇಳಿದರೆ ಇಲ್ಲದ ಯೋಚನೆ ಹುಟ್ಟಿಬಿಡುತ್ತದೆ ಅಂತ ಜನ ಹೆದರುತ್ತಾರೆ, ಹಾಗೇನೂ ಆಗುವುದಿಲ್ಲ, ಕೇಳುವುದರಿಂದ ಹೇಳಿಕೊಳ್ಳಲು ದಾರಿ ಆಗುತ್ತದೆ. ‘ಸಾಯೋದಲ್ಲ ಮೇಡಂ, ಮುಖ ತೋರಿಸೋದೇ ಕಷ್ಟ ಆಗಿದೆ’ ಅಂದರು. ಯಾರಿಗೆ ಅಂತ ಆಗ ಹೇಳಲಿಲ್ಲ. ಈ ಸಾಲು ಓದುವಾಗ ನಿಮಗೆ ನಿಮ್ಮ ಮನೆಯ ಯಾರಾದರೂ ನೆನಪಾದರೆ, ಟೆಲಿ ಮಾನಸ್ ಅಂತ ಸರ್ಕಾರದ ಉಚಿತ ಸಹಾಯವಾಣಿ ಇದೆ, ನಂಬರ್ 14416. ದಿನದ ಯಾವ ಹೊತ್ತಿನಲ್ಲಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಇನ್ನು ಆ ದಿನದ ಮಾತಿಗೆ ಬರುತ್ತೇನೆ. ಅವತ್ತು ಅವರೊಬ್ಬರೇ ಬಂದಿದ್ದರು. ಬಂದವರೇ ಶುರು ಮಾಡಿದರು. ಶಾಸಕರ ಹೊಸ ಕಾರು, ಪಿಎ ಮಾತಾಡಿದ ಧಾಟಿ, ಯಾವುದೋ ಕಾರ್ಯಕ್ರಮದಲ್ಲಿ ಮಕ್ಕಳಿಗೆ ಪೀಠಿಕೆ ಓದಿಸುತ್ತಾ ನಿಂತ ಫೋಟೋ. ಅಲ್ಲಿಯವರೆಗೆ ಪ್ರತಿ ಸಲ ಇದೇ ಪಟ್ಟಿ. ನಾನು ನಡುವೆ ಒಂದು ಪ್ರಶ್ನೆ ಹಾಕಿದೆ. ನಮ್ಮ ಕಡೆ ಭರವಸೆ ಸುಳ್ಳಾಗುವುದು ಹೊಸದಲ್ಲ, ನೀರಿನ ವಿಷಯದಲ್ಲಿ ಎಷ್ಟು ವರ್ಷದಿಂದ ಕೇಳುತ್ತಾ ಬಂದಿದ್ದೀರಿ, ಆಗ ನಿದ್ದೆ ಕೆಟ್ಟಿತ್ತಾ?

ಅವರು ತಟ್ಟನೆ ಉತ್ತರ ಕೊಟ್ಟರು. ‘ಎತ್ತಿನಹೊಳೆ ನೀರಿನ ಯೋಜನೆಗೆ ನಾನು ಬೇಜಾರಾಗಲ್ಲ ಮೇಡಂ. ಶಂಕುಸ್ಥಾಪನೆ ಆಗಿದ್ದು 2014ರಲ್ಲಿ. ಮೊದಲು 8 ಸಾವಿರ ಕೋಟಿ ಅಂದ್ರು, ಆಮೇಲೆ 23 ಸಾವಿರ ಕೋಟಿ ದಾಟಿತು. 2024ರಲ್ಲಿ ಸಕಲೇಶಪುರದ ಕಡೆ ನೀರು ಎತ್ತಿ ಪೂಜೆ ಮಾಡಿದ್ರು. ಅದು ಪಶ್ಚಿಮಘಟ್ಟದಿಂದ ಬರಬೇಕು, ಕಾಡು ದಾಟಬೇಕು, ಕೋರ್ಟು, ಭೂಸ್ವಾಧೀನ, ದುಡ್ಡು. ಒಬ್ಬನ ಕೈಲಿ ಆಗೋದಲ್ಲ. ಇದು 20 ಗುಂಟೆ. ಒಬ್ಬ ಸರ್ವೇಯರ್ ಬಂದು ಅರ್ಧ ದಿನ ಚೈನ್ ಹಿಡಿದಿದ್ರೆ ಸಾಕಿತ್ತು. ಅಷ್ಟನ್ನೂ ಮಾಡಲಿಲ್ಲ.’

ಎಷ್ಟು ಸರಿಯಾಗಿ ಹೇಳಿದರು ನೋಡಿ. ದೊಡ್ಡ ಭರವಸೆ ಮುರಿದರೆ ನೂರು ಕಾರಣ ಸಿಗುತ್ತದೆ, ನಾವೇ ಹುಡುಕಿಕೊಡುತ್ತೇವೆ. ಚಿಕ್ಕ ಭರವಸೆ ಮುರಿದರೆ ಅಡಗಲು ಜಾಗ ಇರುವುದಿಲ್ಲ. ಅದಕ್ಕೇ ಅದು ಆಳಕ್ಕೆ ಇಳಿಯುತ್ತದೆ.

ಆಮೇಲೆ ಕೇಳಿದೆ, ‘ಸರಿ. ನಾಳೆ ಬೆಳಗ್ಗೆ ಶಾಸಕರೇ ನಿಮ್ಮ ಮನೆಗೆ ಬಂದು, ಅಣ್ಣಾ ತಪ್ಪಾಯ್ತು ಅಂತ ಕೈಮುಗಿದ್ರೆ ನಾಳೆ ರಾತ್ರಿ ನಿಮಗೆ ನಿದ್ದೆ ಬರುತ್ತಾ?’

ಹೂಂ ಅಂತ ಬಾಯಿ ತೆರೆದವರು ಅಲ್ಲೇ ನಿಂತರು. ತುಂಬಾ ಹೊತ್ತು ಮಾತಿಲ್ಲ. ಟವೆಲ್ ಮಡಿಸಿದರು, ಬಿಚ್ಚಿದರು. ನಾನೂ ಏನೂ ಕೇಳಲಿಲ್ಲ.

‘ಬರಲ್ಲ’ ಅಂದರು. ‘ಅವರು ನನ್ನ ಹತ್ರ ಬಂದು ಏನು ಪ್ರಯೋಜನ? ನಾನು ಆ ಅಮ್ಮನ ಹತ್ರ ಹೋಗಬೇಕು.’

ಆ ಅಮ್ಮ ಕಾಲೋನಿಯ ಒಬ್ಬ ವಯಸ್ಸಾದ ಹೆಂಗಸು. ಇವರ ಹೊಲದಲ್ಲಿ ಕಳೆ ಕೀಳುತ್ತಾ, ಇವರನ್ನು ಎತ್ತಿ ಆಡಿಸಿದವರು. ಪ್ರಚಾರಕ್ಕೆ ಹೋದಾಗ ಅವರು ಹೇಳಿದ್ದರಂತೆ, ‘ಅವನ್ಯಾರೋ ನಂಗೊತ್ತಿಲ್ಲ. ನಿನ್ನ ಮುಖ ನೋಡಿ ಹಾಕ್ತೀನಪ್ಪಾ.’ ಅವರ ಮನೆಯ ಎಂಟು ಓಟೂ ಹಾಗೇ ಬಿದ್ದವು. ಮಾರನೇ ವರ್ಷ ಮಳೆಗಾಲದಲ್ಲಿ ಆಕೆಯ ಗಂಡ ತೀರಿಕೊಂಡರು. ಕೆರೆ ಅಂಚಿನಲ್ಲಿ ನೀರು, ಸ್ಮಶಾನದಲ್ಲಿ ಟೊಮ್ಯಾಟೊ. ಹೆಣ ಇಟ್ಟುಕೊಂಡು ಮಧ್ಯಾಹ್ನದವರೆಗೂ ಜಾಗ ಹುಡುಕಿದರಂತೆ. ಕೊನೆಗೆ ರಸ್ತೆ ಬದಿಯ ಒಂದು ತುಂಡು ಜಾಗದಲ್ಲಿ ಗುಂಡಿ ತೋಡಿದರು. ಇವರು ಅವತ್ತು ಮನೆ ಬಾಗಿಲು ಹಾಕಿಕೊಂಡು ಒಳಗಿದ್ದರು. ಮಣ್ಣಿಗೂ ಹೋಗಲಿಲ್ಲ, ಹಾಲು ತುಪ್ಪಕ್ಕೂ ಹೋಗಲಿಲ್ಲ. ಅವತ್ತಿನಿಂದ ಕಾಲೋನಿ ದಾರಿ ಬಿಟ್ಟು ಬಳಸಿಕೊಂಡು ಹೊಲಕ್ಕೆ ಹೋಗುತ್ತಿದ್ದರು.

‘ಆ ಶಾಸಕರಿಗೆ ನಾನು ಜಾಮೀನು ನಿಂತಿದ್ದೆ ಮೇಡಂ’ ಅಂದರು.

ಸೊಸೈಟಿ ಸಾಲಕ್ಕೆ ಜಾಮೀನು ಹಾಕಿದವರಿಗೆಲ್ಲ ಈ ಮಾತಿನ ಭಾರ ಗೊತ್ತು. ತಗೊಂಡವನು ಕಟ್ಟದಿದ್ದರೆ ನೋಟಿಸ್ ಜಾಮೀನು ಹಾಕಿದವನ ಮನೆಗೆ ಬರುತ್ತದೆ. ಇವರ ಇಡೀ ಕಾಯಿಲೆ ಆ ಒಂದು ವಾಕ್ಯದಲ್ಲಿತ್ತು. ಅಲ್ಲಿಯವರೆಗೆ ಎಲ್ಲರೂ, ಅವರೂ ಸೇರಿ, ಇದು ನಾಯಕನ ಮೇಲಿನ ಸಿಟ್ಟು ಅಂತ ತಿಳಿದಿದ್ದರು. ಸಿಟ್ಟು ನಿಜವೇ, ಆದರೆ ಅದರ ಅಡಿಯಲ್ಲಿ ನಾಚಿಕೆ ಕೂತಿತ್ತು. ನಾಚಿಕೆಗಿಂತ ಸಿಟ್ಟು ತಡೆದುಕೊಳ್ಳಲು ಸುಲಭ, ಅದಕ್ಕೇ ಮನಸ್ಸು ರಾತ್ರಿಯೆಲ್ಲ ಸಿಟ್ಟನ್ನೇ ಹಿಡಿದುಕೊಂಡು ಕೂರುತ್ತದೆ. ಶಾಸಕರ ವಿಡಿಯೋ ನೋಡಿ ಬೈಯುತ್ತಿದ್ದಷ್ಟು ಹೊತ್ತು ಆ ಅಮ್ಮನ ಮುಖ ಕಣ್ಣಿಗೆ ಬರುತ್ತಿರಲಿಲ್ಲ.

ಸಲಹೆ ಕೊಟ್ಟೆ. ರಾಜಕೀಯ ಬಿಡಿ ಅಂತ ಹೇಳಲಿಲ್ಲ. ಮಗನಿಗೆ ಇದು ಇಷ್ಟವಾಗಲಿಲ್ಲ, ನನ್ನ ಜೊತೆ ಕೆಲಸ ಮಾಡುವ ಕೆಲವರಿಗೂ ಇಷ್ಟವಾಗಲಿಲ್ಲ. ಪೇಪರ್ ಓದಬೇಡಿ, ಟಿವಿ ನೋಡಬೇಡಿ, ದೇವಸ್ಥಾನಕ್ಕೆ ಹೋಗಿ, ಮೊಮ್ಮಕ್ಕಳ ಜೊತೆ ಆಡಿ ಅಂತ ಹೇಳುವುದು ಸುಲಭ. ನಾನು ಅದನ್ನು ಒಪ್ಪುವುದಿಲ್ಲ. ಅವರ ಪಾಲಿಗೆ ರಾಜಕೀಯ ಅಂದರೆ ಹೊತ್ತು ಕಳೆಯುವ ಹರಟೆ ಅಲ್ಲ. ಹುಡುಗನಾಗಿದ್ದಾಗಿನಿಂದ ತಾನು ಯಾರು ಅಂತ ಅವರಿಗೆ ಗೊತ್ತಿರುವುದೇ ಅದರಿಂದ. ಅದನ್ನು ಕಿತ್ತುಕೊಂಡರೆ ನಿದ್ದೆ ಬಂದೀತು, ಎದ್ದಮೇಲೆ ಬದುಕಲು ಏನು ಉಳಿಯುತ್ತದೆ? ರಾತ್ರಿ ಒಂಬತ್ತರ ಮೇಲೆ ಮೊಬೈಲ್ ಹೆಂಡತಿ ಕೈಗೆ ಕೊಡಿ, ಆ ಶಾಸಕರ ವಿಡಿಯೋ ಬರದ ಹಾಗೆ ಮಾಡಿ ಅಂದೆ, ಅಷ್ಟೇ.

ಮುಖ್ಯವಾಗಿ ಹೇಳಿದ್ದು, ಆ ಅಮ್ಮನ ಮನೆಗೆ ಹೋಗಿ ಅಂತ.

ಹೇಗೆ ಹೋಗಬೇಕು ಅನ್ನುವುದರ ಮೇಲೆಯೇ ನಮ್ಮ ಹೆಚ್ಚಿನ ಸಮಯ ಹೋಯಿತು. ಅಲ್ಲಿ ಏನು ಹೇಳುತ್ತೀರಿ ಅಂತ ನನ್ನೆದುರು ಹೇಳಿಸಿದೆ. ಶುರು ಮಾಡಿದರೆ ಎರಡನೇ ಮಾತಿಗೇ ಶಾಸಕರು ಬಂದುಬಿಡುತ್ತಿದ್ದರು. ‘ಅಮ್ಮಾ, ಅವನು ನನಗೂ ಮೋಸ ಮಾಡಿದ...’ ನಾನು ಅಲ್ಲೇ ತಡೆಯುತ್ತಿದ್ದೆ. ಈ ಮಾತು ಆಡಬೇಡಿ. ಗಂಡನನ್ನು ರಸ್ತೆ ಬದಿಯಲ್ಲಿ ಹೂಳಿದ ಹೆಂಗಸಿನ ಎದುರು ನನಗೂ ಮೋಸ ಆಯಿತು ಅಂದರೆ ಅವರೇ ನಿಮ್ಮನ್ನು ಸಮಾಧಾನ ಮಾಡಬೇಕಾಗುತ್ತದೆ. ಅವರ ಮನೆಗೆ ಹೋಗುತ್ತಿರುವುದು ನಿಮ್ಮ ಭಾರ ಅಲ್ಲಿ ಇಳಿಸಿ ಬರುವುದಕ್ಕಲ್ಲ. ಅಳಬೇಡಿ, ಹಣ್ಣು ಹಂಪಲು ತಗೊಂಡು ಹೋಗಬೇಡಿ, ಕ್ಷಮಿಸಿಬಿಡಿ ಅಂತ ಕೇಳಲೂಬೇಡಿ, ಕೇಳಿದರೆ ಅವರು ಹೂಂ ಅನ್ನಲೇಬೇಕಾಗುತ್ತದೆ. ಮತ್ತೆ ಇನ್ನೊಂದು ಮಾತು ಕೊಟ್ಟು ಬರಬೇಡಿ. ಕೊನೆಗೆ ಉಳಿದದ್ದು ಇಷ್ಟು: ‘ನನ್ನ ಮಾತು ನಂಬಿ ಓಟು ಹಾಕಿದ್ರಿ. ಆ ಕೆಲಸ ಆಗಿಲ್ಲ. ಯಜಮಾನ್ರು ಹೋದಾಗ ನಾನು ಬರಬೇಕಿತ್ತು, ಬರಲಿಲ್ಲ.’ ಈ ಮೂರು ಮಾತು ಬೇರೇನೂ ಸೇರಿಸದೆ ಹೇಳಲು ಅವರಿಗೆ ಎಷ್ಟು ಕಷ್ಟವಾಯಿತು ಅಂದರೆ, ಬಾಣಲೆಯಂಥ ಬಿಸಿಲಲ್ಲೂ ದಿನವಿಡೀ ಗುದ್ದಲಿ ಹಿಡಿಯುವ ಮನುಷ್ಯನ ಕೈ ನಡುಗುತ್ತಿತ್ತು.

ಹೋದರು. ಮುಂದಿನ ಸಲ ಬಂದಾಗ ಆ ಅಮ್ಮ ಏನಂದರು ಅಂತ ಹೇಳಿದರು. ‘ಅವನು ಬತ್ತಾನೆ ಅಂತ ನಾನೇನು ದಾರಿ ಕಾಯ್ತಿರಲಿಲ್ಲ ಕಣಪ್ಪಾ. ನೀನು ಬರಲಿಲ್ಲವಲ್ಲಾ, ಅದೇ ನನಗೆ.’ ಟೀ ಕೊಟ್ಟರಂತೆ. ಬೈಯಲೂ ಇಲ್ಲ, ಹೋಗಲಿ ಬಿಡು ಅನ್ನಲೂ ಇಲ್ಲ.

ಆದರೆ ಅಲ್ಲಿ ಇನ್ನೊಂದು ಮಾತು ನಡೆಯಿತು, ನಾನು ಇದನ್ನು ಬರೆಯಲು ಅರ್ಧ ಕಾರಣ ಅದೇ. ಅವರ ಮೊಮ್ಮಗ, ಡಿಗ್ರಿ ಓದುತ್ತಿರುವ ಹುಡುಗ, ಗೋಡೆಗೆ ಒರಗಿ ಕೇಳಿಸಿಕೊಳ್ಳುತ್ತಿದ್ದವನು ಕೇಳಿದನಂತೆ, ‘ಶಾಸಕರನ್ನ ಬಿಡಿ ಅಣ್ಣಾ. ಆ ಜಾಗ ಹಿಡಿದಿರೋದು ನಿಮ್ಮ ಜಾತಿಯವರು. ಮದುವೆ ಮುಂಜಿಯಲ್ಲಿ ಒಂದೇ ಸಾಲಲ್ಲಿ ಕೂತು ಉಣ್ತೀರಿ. ಅವರ ಹತ್ರ ಒಂದು ಸಲನಾದ್ರೂ ಈ ಮಾತು ಎತ್ತಿದ್ರಾ?’

ಎತ್ತಿರಲಿಲ್ಲ.

ನನ್ನೆದುರು ಇದನ್ನು ಹೇಳುವಾಗ ಅವರ ದನಿ ತಗ್ಗಿತು. ಹುಡುಗನ ಮೇಲೆ ಸಿಟ್ಟು ಬಂದಿರಲಿಲ್ಲ. ‘ಅವನು ಕೇಳಿದ್ದು ನ್ಯಾಯವೇ’ ಅಂದರು. ನನಗೂ ಹಾಗೇ ಅನ್ನಿಸಿತು, ಅದನ್ನು ಅವರಿಗೆ ಹೇಳಿದೆ ಕೂಡ. ಹೊಸ ನಾಯಕರ ಮೇಲೆ ನಾವು ಇಡುವ ಆಸೆಯಲ್ಲಿ ಒಂದು ಪಾಲು ಇಂಥದು ಇರುತ್ತದೆ. ನಮ್ಮ ನೆಂಟರಿಗೆ, ನಮ್ಮ ಕಟ್ಟೆಯವರಿಗೆ ನಾವು ಮುಖ ಕೊಟ್ಟು ಹೇಳಲಾಗದ ಮಾತನ್ನು ಅವರು ಬಂದು ಮೇಲಿಂದ ಹೇಳಿಬಿಡಲಿ, ಸರ್ಕಾರಿ ಆದೇಶ ಮಾಡಿಬಿಡಲಿ, ನಾವು ಯಾರ ಕಣ್ಣಿಗೂ ಕೆಟ್ಟವರಾಗದೆ ಊರು ಬದಲಾಗಿಬಿಡಲಿ ಅನ್ನುವ ಆಸೆ. ಇದು ನಾನು ನೋಡಿದ ಎಷ್ಟೋ ಒಳ್ಳೆಯ ಮನುಷ್ಯರಲ್ಲಿ ಇದೆ. ನಾಯಕ ಕೈಕೊಟ್ಟಾಗ ಅವನ ತಪ್ಪಿನ ಜೊತೆ ನಾವು ಆಡದೆ ಬಿಟ್ಟ ಮಾತೂ ಎದ್ದು ನಿಲ್ಲುತ್ತದೆ, ಹಾಗಾಗಿ ನೋವು ಎರಡರಷ್ಟಾಗುತ್ತದೆ.

ಶಾಸಕರನ್ನು ನಾನು ವಹಿಸಿಕೊಳ್ಳುತ್ತಿಲ್ಲ. ಮಾತು ಕೊಟ್ಟು ಮುರಿದರು, ಅದು ಅವರ ತಪ್ಪು, ಅದರ ಲೆಕ್ಕ ಅವರು ಕೊಡಬೇಕು. ಬಡವರ ಹೆಣಕ್ಕೆ ಜಾಗ ಕೊಡಿಸಲು ಪಂಚಾಯ್ತಿ ಎಲೆಕ್ಷನ್ ಮುಗಿಯಬೇಕು ಅನ್ನುವವರನ್ನು ನಾನು ಯಾವ ಮನಶ್ಶಾಸ್ತ್ರದ ಹೆಸರಿನಲ್ಲೂ ಅರ್ಥ ಮಾಡಿಕೊಳ್ಳಲು ತಯಾರಿಲ್ಲ. ಆದರೆ ಶಾಸಕರು ನನ್ನ ಕುರ್ಚಿಯಲ್ಲಿ ಬಂದು ಕೂತಿಲ್ಲ. ಬಂದು ಕೂತವರಿಗೆ ತಮ್ಮ ಕೈಯಲ್ಲಿ ಏನಿದೆ ಅಂತ ತೋರಿಸುವುದು ನನ್ನ ಕೆಲಸ.

ಕೈಯಲ್ಲಿ ಇದ್ದದ್ದು ಕಮ್ಮಿಯೇನಲ್ಲ. ಒತ್ತುವರಿ ತೆರವು ಮಾಡಿಸುವ ಅಧಿಕಾರ ಕಂದಾಯ ಇಲಾಖೆಯದು, ಅರ್ಜಿ ಹೋಗಬೇಕಾದ್ದು ತಹಸೀಲ್ದಾರ್‌ಗೆ. ಶಾಸಕರು ಫೋನ್ ಮಾಡಿದರೆ ಬೇಗ ಆಗಬಹುದು, ಮಾಡದಿದ್ದರೂ ಅರ್ಜಿ ಕೊಡುವ ಹಕ್ಕು ಹೋಗುವುದಿಲ್ಲ. ಸ್ಮಶಾನ ಇಲ್ಲದ ಹಳ್ಳಿಗಳಿಗೆ ಜಾಗ ಕೊಡಿ ಅಂತ ಹೈಕೋರ್ಟ್ 2019ರಲ್ಲೇ ಸರ್ಕಾರಕ್ಕೆ ಹೇಳಿದೆ. ಇಲ್ಲಿ ಪಹಣಿಯಲ್ಲೇ ಜಾಗ ಇದೆ. ಅರ್ಜಿ ಎಲ್ಲಿಗೆ ಬಂತು ಅಂತ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಕೇಳಿದರೆ 30 ದಿನದಲ್ಲಿ ಉತ್ತರ ಕೊಡಬೇಕು. ದಲಿತರು ಸ್ಮಶಾನ ಬಳಸಲು ಅಡ್ಡಿ ಮಾಡುವುದು ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ಆದ ತಿದ್ದುಪಡಿ ಪ್ರಕಾರ ಅಪರಾಧ. ಆದರೆ ಕೇಸು ಹಾಕಬೇಕಾ ಬೇಡವಾ ಅನ್ನುವುದು ಕಾಲೋನಿಯವರು ತೀರ್ಮಾನ ಮಾಡಬೇಕಾದ್ದು ಅಂತ ಒತ್ತಿ ಹೇಳಿದೆ. ನೀವು ಮುಂದಾಳು ಆಗಬೇಡಿ. ಅವರು ಬರೆದ ಅರ್ಜಿಗೆ ನೀವೂ ಒಂದು ಸಹಿ ಹಾಕಿ, ಅವರ ಹಿಂದೆ ನಿಂತುಕೊಳ್ಳಿ. ನಿಮ್ಮ ಜಾತಿಯ ಮನುಷ್ಯನ ಹತ್ತಿರ ಮಾತಾಡುವುದು ಮಾತ್ರ ನಿಮ್ಮದೇ ಕೆಲಸ, ಅದನ್ನು ಬೇರೆಯವರ ಮೇಲೆ ಹಾಕಲಾಗುವುದಿಲ್ಲ.

ಇದಕ್ಕೆ ನನ್ನ ವೃತ್ತಿಯ ಗೆಳೆಯರೊಬ್ಬರು ಬೇಸರ ಮಾಡಿಕೊಂಡರು. ‘ನಿದ್ದೆ ಬರ್ತಿಲ್ಲ ಅಂತ ಬಂದವರನ್ನ ನೀವು ಊರ ಜಗಳಕ್ಕೆ ಕಳಿಸಿದ್ರಿ, ಸಲಹೆಗಾರರು ತಟಸ್ಥವಾಗಿರಬೇಕು’ ಅಂತ. ಇದಕ್ಕೆ ಉತ್ತರ ಹೇಳಲೇಬೇಕು. ಯಾವ ಪಕ್ಷಕ್ಕೆ ಓಟು ಹಾಕಿ ಅಂತ ನಾನು ಯಾರಿಗೂ ಹೇಳಿಲ್ಲ, ಹೇಳುವುದೂ ಇಲ್ಲ. ಅಲ್ಲಿ ತಟಸ್ಥಳಾಗಿಯೇ ಇರುತ್ತೇನೆ. ಒಬ್ಬ ಹೆಂಗಸಿಗೆ ಗಂಡನನ್ನು ಹೂಳಲು ಜಾಗ ಇರಬೇಕಾ ಬೇಡವಾ ಅನ್ನುವುದರಲ್ಲಿ ತಟಸ್ಥವಾಗಿರು ಅಂದರೆ ನನ್ನಿಂದ ಆಗದು. ಜಗಳ ಹೊಸದಾಗಿ ಹುಟ್ಟಿದ್ದೂ ಅಲ್ಲ. ಅದು ಅವರ ಒಳಗೆ ಆಗಲೇ ನಡೆಯುತ್ತಿತ್ತು, ರಾತ್ರಿ ಎರಡು ಗಂಟೆಗೆ, ಹೆಂಡತಿ ಪಕ್ಕದಲ್ಲಿ ಎಚ್ಚರವಾಗಿ ಮಲಗಿರುವಾಗ.

ಅಪಾಯ ಇರಲಿಲ್ಲವೇ ಅಂದರೆ ಇತ್ತು. ಹೆಂಡತಿಯನ್ನು ಕೂರಿಸಿಕೊಂಡು ಅದನ್ನೂ ಮಾತಾಡಿದೆವು. ಊರಲ್ಲಿ ಮಾತು ಬಿಡಬಹುದು, ಹೊಲಕ್ಕೆ ಟ್ರ್ಯಾಕ್ಟರ್ ದಾರಿ ಕೊಡದೆ ಇರಬಹುದು. ಟೊಮ್ಯಾಟೊ ಬೆಳೆಯುವವನ ಹತ್ತಿರ ಒಬ್ಬರೇ ಹೋಗಬೇಡಿ, ಕುಡಿದಿರುವ ಹೊತ್ತಿನಲ್ಲಿ ಹೋಗಬೇಡಿ, ಕಟ್ಟೆ ಮೇಲೆ ನಾಲ್ಕು ಜನರ ಮುಂದೆ ಎತ್ತಬೇಡಿ, ಮನೆಯಲ್ಲಿ ಮಾತಾಡಿ ಅಂದೆ. ಅವರು ಭಾವಮೈದನನ್ನು ಕರೆದುಕೊಂಡು ಹೋದರು. ‘ನಿನಗ್ಯಾಕೆ ಊರ ಉಸಾಬರಿ’ ಅಂತ ಮುಖಕ್ಕೆ ಹೊಡೆದ ಹಾಗೆ ಹೇಳಿ ಕಳಿಸಿದನಂತೆ ಆ ಮನುಷ್ಯ. ಆಮೇಲೆ ಸ್ವಲ್ಪ ದಿನ ಇವರ ಹಾಲಿಗೆ ಫ್ಯಾಟ್ ಕಮ್ಮಿ ಬರಲು ಶುರುವಾಯಿತು. ಮದುವೆ ಪತ್ರಿಕೆಗಳು ಬರಲಿಲ್ಲ. ಹೆಂಡತಿಗೆ ಇದರಿಂದ ಜಾಸ್ತಿ ಕಷ್ಟವಾಗಿದೆ, ನೀರು ಹಿಡಿಯುವಲ್ಲಿ ಮಾತಾಡಿಸುವವರು ಕಡಿಮೆ ಆಗಿದ್ದಾರೆ, ಅವರ ಜೊತೆಗೂ ಬೇರೆಯಾಗಿ ಕೂತು ಮಾತಾಡುತ್ತಿದ್ದೇನೆ. ‘ಇವರು ಬಾಗಿಲು ಹಾಕ್ಕೊಂಡು ಕೂತಿದ್ದಕ್ಕಿಂತ ಇದೇ ಪರವಾಗಿಲ್ಲ’ ಅಂತ ಆಕೆ ಒಂದು ಸಲ ಹೇಳಿದರು. ಎಲ್ಲ ದಿನವೂ ಅವರಿಗೆ ಹಾಗೆ ಅನ್ನಿಸುತ್ತದೆ ಅಂತ ನಾನು ಹೇಳಲಾರೆ.

ಮನೆಯವರಿಗೆ ಒಂದು ಮಾತು. ಇಂಥವರು ನಿಮ್ಮ ಮನೆಯಲ್ಲಿದ್ದರೆ ‘ಎಲ್ಲಾ ರಾಜಕಾರಣಿಗಳೂ ಅಷ್ಟೇ, ನಿನಗೆ ಮೊದಲೇ ಗೊತ್ತಿರಲಿಲ್ವಾ’ ಅನ್ನಬೇಡಿ. ಸಮಾಧಾನ ಮಾಡಲೆಂದೇ ಹೇಳುತ್ತೀರಿ, ಅವರಿಗೆ ಅದು ನೀನು ಪೆದ್ದ ಅಂತ ಕೇಳಿಸುತ್ತದೆ. ಎದುರು ಪಕ್ಷದವರು ‘ಏನಣ್ಣಾ ನಿಮ್ಮ ಲೀಡ್ರು’ ಅಂತ ದಿನಾ ಚುಚ್ಚುತ್ತಿರುತ್ತಾರೆ, ಮನೆಯಲ್ಲೂ ಅದೇ ಸಿಕ್ಕರೆ ಹೋಗುವುದೆಲ್ಲಿಗೆ? ಅದರ ಬದಲು ಕೇಳಿ, ಯಾರಿಗೆ ಏನಂತ ಮಾತು ಕೊಟ್ಟಿದ್ದೆ ಅಂತ. ಉತ್ತರದಲ್ಲಿ ಒಬ್ಬ ಮನುಷ್ಯರ ಹೆಸರು ಬರುತ್ತದೆ. ನನ್ನ ಅನುಭವದಲ್ಲಿ ಹೆಚ್ಚಾಗಿ ಅದು ನಾಯಕನ ಹೆಸರಾಗಿರುವುದಿಲ್ಲ.

ಈಗ ಅವರು ಔಷಧಿ ನಿಲ್ಲಿಸಿದ್ದಾರೆ, ವೈದ್ಯರೇ ಹಂತ ಹಂತವಾಗಿ ನಿಲ್ಲಿಸಿದರು. ಬೆಳಗ್ಗೆ ಹಾಲಿನ ಕ್ಯಾನ್ ತಾವೇ ತಗೊಂಡು ಹೋಗುತ್ತಾರೆ. ಹೊಲಕ್ಕೆ ಕಾಲೋನಿ ದಾರಿಯಲ್ಲೇ ಹೋಗುತ್ತಾರೆ. ಸ್ಮಶಾನದಲ್ಲಿ ಈ ಸಲವೂ ಟೊಮ್ಯಾಟೊ ನಿಂತಿದೆ. ಕಾಲೋನಿಯ ಹುಡುಗರು ಅರ್ಜಿ ಬರೆದಿದ್ದಾರೆ, ಮೂವತ್ತಕ್ಕೂ ಜಾಸ್ತಿ ಸಹಿ ಇದೆ, ಇವರದು ಕೊನೆಯಲ್ಲಿ. ಶಾಸಕರ ಕಡೆಯವರು ಪಂಚಾಯ್ತಿ ಎಲೆಕ್ಷನ್‌ಗೆ ಓಡಾಡಿ ಅಂತ ಕರೆ ಕಳಿಸಿದ್ದಾರೆ. ಸರ್ವೇ ಆದ ದಿನ ಮಾತಾಡೋಣ ಅಂತ ಹೇಳಿ ಕಳಿಸಿದರಂತೆ.

ಮೊನ್ನೆ ಮಗ ಫೋನ್ ಮಾಡಿದ್ದ. ಅಪ್ಪ ಸೋಮವಾರ ಕಾಲೋನಿಯವರ ಜೊತೆ ತಾಲೂಕು ಆಫೀಸಿಗೆ ಹೋಗ್ತೀನಿ ಅಂತಿದ್ದಾರೆ, ತಡೀಲಾ ಮೇಡಂ, ಮತ್ತೆ ಅಲ್ಲಿ ಓಡಾಡಿಸಿ ಕಳಿಸಿದ್ರೆ ಮೊದಲಿನ ಹಾಗೇ ಆಗ್ತಾರೇನೋ ಅಂತ ಕೇಳಿದ. ತಡೆಯಬೇಡ, ರಜಾ ಹಾಕಿ ಬಂದು ನೀನೇ ಬೈಕ್‌ನಲ್ಲಿ ಕರೆದುಕೊಂಡು ಹೋಗು ಅಂದೆ. ಅರ್ಜಿಯ ಎರಡು ಜೆರಾಕ್ಸ್ ಇಟ್ಟುಕೊಳ್ಳಿ, ಒಂದರ ಮೇಲೆ ಸೀಲು, ತಾರೀಕು ಹಾಕಿಸಿಕೊಳ್ಳದೆ ಬರಬೇಡಿ ಅಂತಲೂ ಹೇಳಿದೆ.